ಅತ್ತಿಗೆಯ ಪರವಾಗಿ

ನನ್ನ ಕೆಲಸ ಏನು ಎಂದು ಕೇಳಿದವರಿಗೆ ಒಂದೇ ಮಾತಿನಲ್ಲಿ ಹೇಳುತ್ತಿದ್ದೆ: ನೋಡಿಕೊಳ್ಳುವವರನ್ನು ನೋಡಿಕೊಳ್ಳುವುದು. ಹೇಳುವಾಗ ಒಂದಿಷ್ಟು ಜಂಬವೂ ಇರುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಸೈನ್ಯದಲ್ಲಿ ಪೆಟ್ಟು ತಿಂದು ಮನೆಗೆ ಬಂದವನಿಗೆ ಆಸ್ಪತ್ರೆ ಇದೆ, ಔಷಧಿ ಇದೆ, ಗೋಡೆಗೆ ತೂಗುಹಾಕಲು ಪದಕ ಇದೆ. ಅವನನ್ನು ದಿನವೂ ಎತ್ತಿ, ಇಳಿಸಿ, ತೊಳೆದು, ಉಣ್ಣಿಸುವ ಹೆಂಡತಿಗೋ ತಾಯಿಗೋ ಏನಿದೆ? ಅವರಿಗೆ ನಾನಿದ್ದೆ. ಸೈನಿಕರ ಆಸ್ಪತ್ರೆಯ ಎರಡನೇ ಮಹಡಿಯಲ್ಲಿ, ಲಿಫ್ಟಿನ ಪಕ್ಕದ ಕೋಣೆಯಲ್ಲಿ ಕೂತು, ಅಂಥ ಒಂದೊಂದು ಮನೆಗೂ ಹದಿನೈದು ದಿನಕ್ಕೊಮ್ಮೆ ಫೋನ್ ಮಾಡುವ ನರ್ಸು ನಾನು.

ಫೋನಿನಲ್ಲಿ ಆರು ಪ್ರಶ್ನೆ. ಎಷ್ಟು ಹೊತ್ತು ನಿದ್ದೆ ಬಂತು? ಕೂತು ಊಟ ಮಾಡಿದಿರಾ? ಮೈಯಲ್ಲಿ ಎಲ್ಲಾದರೂ ನೋವಿದೆಯಾ? ಈ ವಾರ ಮನೆಯಿಂದ ಆಚೆ ಹೋಗಿದ್ದಿರಾ? ಅಳು ಬಂತಾ? ಇನ್ನು ನನ್ನಿಂದಾಗದು ಅನ್ನಿಸಿತಾ? ಒಂದೊಂದಕ್ಕೂ ನಾಲ್ಕರವರೆಗೆ ಅಂಕ. ಕಷ್ಟ ಹೆಚ್ಚಿದಷ್ಟೂ ಅಂಕ ಹೆಚ್ಚು. ಒಟ್ಟು ಹನ್ನೆರಡು ದಾಟಿದರೆ ದಿನಕ್ಕೆ ನಾಲ್ಕು ಗಂಟೆ ಆಸ್ಪತ್ರೆಯ ಕಡೆಯಿಂದ ಬದಲಿ ಆಳು ಬರುತ್ತಾನೆ. ಆರು ತಿಂಗಳು ಸತತವಾಗಿ ಹದಿನಾರರ ಮೇಲಿದ್ದರೆ ಮೂರು ತಿಂಗಳ ಪೂರ್ತಿ ಬದಲಿ ಸಿಗುತ್ತದೆ. ಆಳು ಮನೆಯಲ್ಲೇ ಇದ್ದು ನೋಡಿಕೊಳ್ಳುತ್ತಾನೆ. ಇಷ್ಟೇ ವ್ಯವಸ್ಥೆ.

ಅಂಥ ಫೈಲು ನಮ್ಮ ಮನೆಯದೂ ಒಂದಿತ್ತು. ಅಣ್ಣ ಸೈನ್ಯದ ಲಾರಿ ಮಗುಚಿ ಬೆನ್ನು ಮುರಿದುಕೊಂಡು ಬಂದು ಆರು ವರ್ಷವಾಗಿತ್ತು. ಸೊಂಟದ ಕೆಳಗೆ ಜೀವವಿರಲಿಲ್ಲ. ಸೊಂಟದ ಮೇಲೆ, ಅದರಲ್ಲೂ ನಾಲಿಗೆಯಲ್ಲಿ, ಬೇಕಾದಷ್ಟಿತ್ತು. ಅವನನ್ನು ನೋಡಿಕೊಳ್ಳುತ್ತಿದ್ದವಳು ಅತ್ತಿಗೆ. ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಚಿಕ್ಕವಳು. ಹಾಗಾಗಿ ನಾನು ಅವಳನ್ನು ‘ನೀನು’ ಎನ್ನುತ್ತಿದ್ದೆ, ಅವಳು ನನ್ನನ್ನು ‘ನೀವು’ ಎನ್ನುತ್ತಿದ್ದಳು. ಮನೆಯಲ್ಲಿ ಇನ್ನಿದ್ದವರು ಅಮ್ಮ ಮತ್ತು ಅಣ್ಣನ ಮಗಳು. ಹತ್ತೊಂಬತ್ತು ತುಂಬಿದ ಅವಳು ಹಗಲು ಕಾಲೇಜಿಗೆ, ಸಂಜೆ ಒಂದು ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದಳು. ನಾನು ಮದುವೆಯಾಗಲಿಲ್ಲ. ಯಾಕೆ ಅಂತ ಹೇಳುತ್ತ ಕೂತರೆ ಅದೇ ಇನ್ನೊಂದು ಕಥೆ.

ಸ್ವಂತ ಮನೆಯ ಫೈಲನ್ನು ತಾನೇ ನೋಡಬಾರದು ಎಂಬುದು ನಿಯಮ. ಆದ್ದರಿಂದ ಅತ್ತಿಗೆಯ ಫೈಲು ನನ್ನ ಎದುರು ಮೇಜಿನ ನರ್ಸಿನ ಬಳಿ ಇತ್ತು. ತಲೆಗೂದಲಿನಲ್ಲಿ ಸದಾ ಪೆನ್ಸಿಲ್ ಸಿಕ್ಕಿಸಿಕೊಂಡಿರುತ್ತಿದ್ದ ಅವಳನ್ನು ಎಲ್ಲರೂ ಪೆನ್ಸಿಲ್ ಎಂದೇ ಕರೆಯುತ್ತಿದ್ದರು. ಎರಡು ವರ್ಷದ ಹಿಂದೆ ಅವಳು ಮೊದಲ ಸಲ ನಮ್ಮ ಮನೆಗೆ ಫೋನ್ ಮಾಡಿದಾಗ ಯಾರೂ ಎತ್ತಲಿಲ್ಲ. ಅತ್ತಿಗೆ ಅಣ್ಣನಿಗೆ ಸ್ನಾನ ಮಾಡಿಸುತ್ತಿದ್ದಿರಬೇಕು. ಮತ್ತೆ ಮತ್ತೆ ಯಾಕೆ ಮಾಡ್ತೀಯ, ನಾನಿಲ್ಲೇ ಇದೀನಲ್ಲ, ನನ್ನನ್ನೇ ಕೇಳು ಎಂದೆ. ಅವಳು ಕೇಳಿದಳು. ಚಹಾ ಕುಡಿಯುತ್ತ ಆರಕ್ಕೂ ಉತ್ತರ ಹೇಳಿದೆ. ಎರಡು ನಿಮಿಷ ಹಿಡಿಯಲಿಲ್ಲ. ಒಟ್ಟು ಅಂಕ ಮೂರು ಬಂತು.

ಹಾಗೆ ಶುರುವಾದದ್ದು ಹಾಗೆಯೇ ನಡೆಯಿತು. ಆಮೇಲಾಮೇಲೆ ಅವಳು ಪ್ರಶ್ನೆ ಕೇಳುವುದನ್ನೂ ಬಿಟ್ಟಳು. ಮನೇಲಿ ಎಂದಿನಂತೆ ತಾನೇ ಎನ್ನುವಳು, ನಾನು ತಲೆಯಾಡಿಸುವೆ. ಅವಳು ಹಿಂದಿನ ಹಾಳೆ ನೋಡಿ ಅದೇ ಮೂರನ್ನು ಇಳಿಸಿ, ಕೆಳಗೆ ‘ನೋಡಿಕೊಳ್ಳುವವರೊಡನೆ ಫೋನಿನಲ್ಲಿ ಮಾತಾಡಿದೆ’ ಎಂದು ಬರೆದು ಸಹಿ ಹಾಕುವಳು. ಇದು ತಪ್ಪು ಎಂದು ನಮ್ಮಿಬ್ಬರಿಗೂ ಒಂದು ದಿನವೂ ಅನ್ನಿಸಲಿಲ್ಲ. ಒಂದೇ ಮನೆಯಲ್ಲಿರುವ ನರ್ಸಿಗಿಂತ ಚೆನ್ನಾಗಿ ಹೇಳುವವರು ಇನ್ನಾರು?

ಒಂದು ಸೋಮವಾರ ಬೆಳಿಗ್ಗೆ ನಾನು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಾಗ ಅಣ್ಣನ ಕೋಣೆಯಲ್ಲಿ ಧೊಪ್ಪೆಂದು ಸದ್ದಾಯಿತು. ಓಡಿ ಹೋದರೆ ಅಣ್ಣ ಮಂಚಕ್ಕೂ ಗಾಲಿಕುರ್ಚಿಗೂ ನಡುವೆ ನೆಲದ ಮೇಲಿದ್ದ. ಅತ್ತಿಗೆ ಅವನ ಪಕ್ಕದಲ್ಲೇ ಗೋಡೆಗೊರಗಿ ಕೂತಿದ್ದಳು, ಒಂದು ಕೈ ಹೊಟ್ಟೆಯ ಕೆಳಗಿತ್ತು. ಎಂಬತ್ತನಾಲ್ಕು ಕಿಲೋದ ಆಳನ್ನು ನಾನು, ಅತ್ತಿಗೆ, ಅವಳ ಮಗಳು ಮೂವರೂ ಸೇರಿ ಎತ್ತಿ ಮಲಗಿಸಿದೆವು. ಅಣ್ಣ ಮಲಗುವವರೆಗೂ ಬೈಯುತ್ತಲೇ ಇದ್ದ. ಪೆಟ್ಟಾಗಿದೆಯೇ ಎಂದು ನಾನು ಅವನ ಮೈಯೆಲ್ಲ ತಡಕಿ ನೋಡಿದೆ. ಅತ್ತಿಗೆಯ ಕಡೆ ತಿರುಗಿಯೂ ನೋಡಲಿಲ್ಲ.

ಅಡುಗೆಮನೆಗೆ ಬಂದು ಅತ್ತಿಗೆಗೆ ಪಾಠ ಶುರುಮಾಡಿದೆ. ಬೆನ್ನು ಬಗ್ಗಿಸಬಾರದು, ಮಂಡಿ ಬಗ್ಗಿಸಬೇಕು. ದೂರದಿಂದ ಎಳೆಯಬಾರದು, ಮೈಗೆ ಹತ್ತಿರ ಹಿಡಿದು ಎತ್ತಬೇಕು. ಎಷ್ಟು ಸಲ ಹೇಳೋದು ಅತ್ತಿಗೆ, ಎಂದೂ ಸೇರಿಸಿದೆ. ಅವಳು ಅಣ್ಣನಿಗೆ ಮೊಟ್ಟೆ ಒಡೆದು ಹಾಕುತ್ತಿದ್ದಳು.

“ಎಷ್ಟು ಸಲ ಹೇಳಿದೀಯ ಅತ್ತೆ?” ಎಂದಳು ಅಣ್ಣನ ಮಗಳು.

“ಏನು?”

“ಅಮ್ಮಂಗೆ. ಒಂದ್ಸಲ ಆದ್ರೂ ಹೇಳಿಕೊಟ್ಟಿದೀಯಾ? ಹೋದ್ ವರ್ಷ ನಿನ್ನ ಶನಿವಾರದ ಕ್ಲಾಸಿಗೆ ಬರ್ತೀನಿ ಅಂದ್ಲು. ಅಣ್ಣನ್ನ ಯಾರು ನೋಡ್ಕೋತಾರೆ ಅಂದೆ ನೀನು.”

ನಾನು ಹಾಗೆ ಅಂದಿದ್ದು ನಿಜ. ಪ್ರತಿ ಶನಿವಾರ ಆಸ್ಪತ್ರೆಯಲ್ಲಿ ನಲವತ್ತು ಜನ ಹೆಂಗಸರಿಗೆ ರೋಗಿಯನ್ನು ಎತ್ತುವುದು ಹೇಗೆಂದು ಕಲಿಸುತ್ತಿದ್ದೆ. ನೂರಾರು ಸಲ ಹೇಳಿದ್ದು ಅವರಿಗೆ, ಅತ್ತಿಗೆಗಲ್ಲ.

“ಮನೆಗೆ ಮಾರಿ, ಊರಿಗೆ ಉಪಕಾರಿ,” ಎಂದು ಹೇಳಿ ಹುಡುಗಿ ಚೀಲ ಹೆಗಲಿಗೇರಿಸಿದಳು. ದೊಡ್ಡವರಿಗೆ ಹಾಗೆಲ್ಲ ಅನ್ನಬಾರದು ಎಂದು ಅಮ್ಮ ಗದರಿದಳು. ಅತ್ತಿಗೆ ಬಾಣಲೆಯಿಂದ ಕಣ್ಣೆತ್ತಲಿಲ್ಲ.

ಬಸ್ ನಿಲ್ದಾಣದವರೆಗೆ ಹುಡುಗಿ ನನ್ನ ಜೊತೆ ಬಂದಳು. ಅರ್ಧ ದಾರಿ ಮುಖ ಊದಿಸಿಕೊಂಡೇ ಇದ್ದವಳು ಔಷಧಿ ಅಂಗಡಿ ದಾಟಿದ ಮೇಲೆ ಬಾಯಿ ಬಿಟ್ಟಳು.

“ಅಮ್ಮಂಗೆ ಏನೋ ಆಗಿದೆ ಅತ್ತೆ. ಹೊಟ್ಟೆ ಕೆಳಗೆ ಬಟ್ಟೆ ಬಿಗಿದು ಕಟ್ಕೋತಾಳೆ. ಏನೋ ಜಾರಿ ಬಂದ ಹಾಗಾಗುತ್ತಂತೆ. ನಿನಗೆ ಹೇಳ್ಬೇಡ ಅಂದಿದಾಳೆ.”

“ಯಾಕೆ?”

“ನೀನು ಬೈತೀಯ ಅಂತ.”

ಏನಾಗಿದೆಯೆಂದು ನನಗೆ ಅಲ್ಲೇ ತಿಳಿಯಿತು. ಇಪ್ಪತ್ತು ವರ್ಷ ನರ್ಸಾಗಿದ್ದವಳಿಗೆ ತಿಳಿಯದೆ ಇರುತ್ತದೆಯೇ? ಅಣ್ಣನನ್ನು ಎತ್ತಿದ ಮೇಲೆ ಅತ್ತಿಗೆ ಗೋಡೆ ಹಿಡಿದು ನಿಲ್ಲುವುದನ್ನು ನೋಡಿದ್ದೆ. ನಿಂತೇ ಊಟ ಮಾಡುವುದನ್ನು ನೋಡಿದ್ದೆ. ಒಂದು ಸಂಜೆ ನೀರಿನ ಬಿಂದಿಗೆ ಕೆಳಗಿಟ್ಟು ಹಾಗೇ ಕಣ್ಣು ಮುಚ್ಚಿ ನಿಂತದ್ದನ್ನೂ ನೋಡಿದ್ದೆ. ನನಗೆ ಗೊತ್ತಿರಲಿಲ್ಲ ಎಂದು ಇಲ್ಲಿ ಬರೆದರೆ ಅದು ಸುಳ್ಳಾಗುತ್ತದೆ. ಕಂಡದ್ದನ್ನು ಕೇಳಿದರೆ ಆಮೇಲೆ ನಾನೇನಾದರೂ ಮಾಡಬೇಕಾಗುತ್ತಿತ್ತು. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ಸಂಜೆ ಏಳಕ್ಕೆ ಬರುವ ನನಗೆ ಅದು ಬೇಕಿರಲಿಲ್ಲ.

ಗುರುವಾರ ರಜೆ ಹಾಕಿ ಅತ್ತಿಗೆಯನ್ನು ಡಾಕ್ಟರ ಬಳಿ ಕರೆದುಕೊಂಡು ಹೋದೆ. ಅವಳಿಗೆ ಒಂದೂವರೆ ವರ್ಷದಿಂದ ಇತ್ತಂತೆ. ಗರ್ಭಕೋಶ ಕೆಳಕ್ಕೆ ಜಾರಿದೆ, ಆಪರೇಷನ್ ಆಗಲೇಬೇಕು, ಆದ ಮೇಲೆ ಮೂರು ತಿಂಗಳು ನೀರಿನ ಜಗ್ಗಿಗಿಂತ ಭಾರದ್ದೇನನ್ನೂ ಎತ್ತಕೂಡದು ಎಂದರು ಡಾಕ್ಟರು. ಇಪ್ಪತ್ತೆರಡು ದಿನಕ್ಕೆ ಒಂದು ತಾರೀಖು ಖಾಲಿಯಿತ್ತು. ಅದು ಬಿಟ್ಟರೆ ಏಳೆಂಟು ತಿಂಗಳು ಕಾಯಬೇಕು, ಅಷ್ಟರಲ್ಲಿ ಇನ್ನೂ ಕೆಡುತ್ತದೆ ಎಂದೂ ಹೇಳಿದರು.

“ಮನೇಲಿ ನಿಮ್ಮನ್ನ ನೋಡ್ಕೊಳ್ಳೋಕೆ ಯಾರಿದಾರೆ?” ಎಂದು ಕೇಳಿದರು.

“ನಮ್ಮ ನಾದಿನಿ ಇದಾರೆ. ನರ್ಸು,” ಎಂದಳು ಅತ್ತಿಗೆ.

“ಹಾಗಾದ್ರೆ ನಿಮಗೇನು ಯೋಚನೆ,” ಎಂದು ಡಾಕ್ಟರು ನನ್ನ ಕಡೆ ನೋಡಿ ನಕ್ಕರು. ನಾನು ಗೋಡೆಯ ಮೇಲಿದ್ದ ಕೈ ತೊಳೆಯುವ ಚಿತ್ರವನ್ನು ಓದುತ್ತ ನಿಂತೆ.

ಆ ಸಂಜೆ ಊಟಕ್ಕೆ ಕೂತಾಗ ವಿಷಯ ಎತ್ತಿದೆ. ಅಮ್ಮ ಆಲೂಗಡ್ಡೆ ಹಿಸುಕುತ್ತ, ಇದೇನು ಮಹಾ, ನನಗೂ ಆಗಿತ್ತು, ಬಟ್ಟೆ ಕಟ್ಟಿಕೊಂಡೇ ನಿಮ್ಮನ್ನೆಲ್ಲ ಸಾಕಿದೆ ಎಂದಳು.

“ಅದಕ್ಕೇ ಅಜ್ಜಿ, ನೀನು ನಕ್ಕಾಗೆಲ್ಲ ಬಚ್ಚಲಿಗೆ ಓಡೋದು,” ಎಂದಳು ಮೊಮ್ಮಗಳು.

ಅಮ್ಮನಿಗೆ ಸಿಟ್ಟು ಬಂತು, ಆಮೇಲೆ ನಗು ಬಂತು, ನಕ್ಕು ಎದ್ದು ಓಡಿದಳು. ಬಂದವಳು ಕೂತು, ಏನೋ ಅಪ್ಪ, ಮಾಡಿಸಿಕೊಳ್ಳಲಿ, ನಮಗೆ ಯಾರು ಹೇಳುವವರಿದ್ದರು ಎಂದಳು.

ಅಣ್ಣನಿಗೆ ಮಾತ್ರ ಬದಲಿ ಆಳು ಎಂಬ ಮಾತೇ ಸೇರಲಿಲ್ಲ. ಹೊರಗಿನವನೊಬ್ಬ ಬಂದು ತನ್ನ ಅಂಡು ತೊಳೆಯುವುದು ಬೇಡ, ಅದಕ್ಕಿಂತ ಹಾಸಿಗೆಯಲ್ಲೇ ಕೊಳೆಯುತ್ತೇನೆ ಎಂದ.

“ನೀನು ಕೊಳೆತ್ರೆ ತೊಳೆಯೋಳೂ ಅಮ್ಮನೇ ಅಪ್ಪ,” ಎಂದಳು ಮಗಳು.

ಅಣ್ಣ ತಟ್ಟೆ ತಳ್ಳಿದ. ಅತ್ತಿಗೆ ಅದನ್ನು ಎತ್ತಿಕೊಂಡು, ಆಪರೇಷನ್ನೂ ಬೇಡ ಏನೂ ಬೇಡ, ಹೀಗೇ ನಡೀತಿದೆಯಲ್ಲ ಬಿಡಿ ಎಂದಳು. ನಾನು ದೊಡ್ಡ ಮನುಷ್ಯರ ಹಾಗೆ ಕೈಯೆತ್ತಿದೆ. ಮೂರು ತಿಂಗಳ ಬದಲಿ ನಾನು ಮಾಡಿಸುತ್ತೇನೆ, ಅದು ನನ್ನ ಕೆಲಸ, ನನಗೆ ಬಿಡಿ ಎಂದೆ. ಹಾಗೆ ಹೇಳಿ ಕೈ ತೊಳೆಯುವಾಗ ನೆನಪಾಯಿತು, ಫೈಲಿನಲ್ಲಿ ಎರಡು ವರ್ಷದಿಂದ ಇರುವುದು ಬರೀ ಮೂರು.

ಮರುದಿನ ಪೆನ್ಸಿಲ್ ಫೈಲು ತೆಗೆದು ಮೇಜಿನ ಮೇಲೆ ಹರಡಿದಳು. ಐವತ್ತಕ್ಕೂ ಹೆಚ್ಚು ಹಾಳೆ. ನಿದ್ದೆ ಚೆನ್ನಾಗಿದೆ, ಊಟ ಚೆನ್ನಾಗಿದೆ, ನೋವಿಲ್ಲ. ಎಲ್ಲ ನನ್ನ ಮಾತು, ಎಲ್ಲದರ ಕೆಳಗೂ ಅವಳ ಸಹಿ. ಇಂಥ ಫೈಲಿಗೆ ಪೂರ್ತಿ ಬದಲಿ ಇರಲಿ, ಒಂದು ಗಂಟೆಯ ಬದಲಿಯೂ ಸಿಗುವಂತಿರಲಿಲ್ಲ. ಸಂಬಳ ಕೊಟ್ಟು ಆಳಿಡೋಣವೆಂದರೆ ನನ್ನ ಸಂಬಳ ಅದಕ್ಕೇ ಹೋಗುತ್ತಿತ್ತು, ಮನೆಯಲ್ಲಿದ್ದ ಐವರು ಏನು ತಿನ್ನಬೇಕು?

ಪೆನ್ಸಿಲ್ ಹೇಳಿದ ದಾರಿ ಸುಲಭವಿತ್ತು. ಇವತ್ತಿನಿಂದ ಅಂಕ ಏರಿಸೋಣ, ಆರು ತಿಂಗಳಲ್ಲಿ ತಾನಾಗಿಯೇ ಅರ್ಹತೆ ಬರುತ್ತದೆ, ಎಂಟನೇ ತಿಂಗಳಿನ ತಾರೀಖಿಗೆ ಆಪರೇಷನ್ ಮಾಡಿಸು, ಯಾರಿಗೂ ಏನೂ ಗೊತ್ತಾಗುವುದಿಲ್ಲ. ನಾನು ಒಪ್ಪಿದೆ. ಒಪ್ಪಿ ಮನೆಗೆ ಬಂದು ಅತ್ತಿಗೆಗೆ ಹೇಳಿದೆ, ಅಷ್ಟೇನೂ ಅವಸರವಿಲ್ಲ, ಮುಂದಿನ ತಾರೀಖಿಗೆ ಮಾಡಿಸಿದರಾಯಿತು ಅಂತ. “ಆಗ್ಲಿ,” ಎಂದಳು. ಬೇರೇನನ್ನೂ ಕೇಳಲಿಲ್ಲ. ನಾನು ನರ್ಸಲ್ಲವೇ, ನಂಬಿದಳು. ಮಾಡಿದ್ದರಲ್ಲೆಲ್ಲ ಇದೇ ನನ್ನನ್ನು ಹೆಚ್ಚು ತಿನ್ನುವುದು. ಮೊದಲಿನದನ್ನು ಉದಾಸೀನದಿಂದ ಮಾಡಿದ್ದೆ, ಇದನ್ನು ತಿಳಿದೇ ಮಾಡಿದೆ.

ಒಂಬತ್ತು ದಿನ ಹಾಗೇ ಕಳೆಯಿತು. ಹತ್ತನೆಯ ದಿನ ಫೋನಿನಲ್ಲಿ ಒಬ್ಬಾಕೆ, ಕಣ್ಣು ಕಳೆದುಕೊಂಡ ಸೈನಿಕನ ತಾಯಿ, ತನಗೆ ಹದಿನೈದು ದಿನದಿಂದ ಎದೆಯಲ್ಲಿ ಒಂದು ಗಂಟು ಕೈಗೆ ಸಿಗುತ್ತಿದೆ, ಮಗನನ್ನು ಬಿಟ್ಟು ಹೇಗೆ ಹೋಗಲಿ, ಆಮೇಲೆ ತೋರಿಸಿದರಾಗದೇ ಎಂದಳು. “ಬೇಡಮ್ಮ, ಒಂದು ದಿನಾನೂ ಕಾಯ್ಬೇಡಿ,” ಎಂದೆ ನಾನು. “ನಿಮ್ಮ ಮೈ ಕೆಟ್ಟರೆ ನಿಮ್ಮ ಮಗನಿಗೆ ಯಾರು ಗತಿ? ನಾಳೆನೇ ಬನ್ನಿ, ಆಳನ್ನ ನಾನು ಕಳಿಸ್ತೀನಿ.” ಹೇಳುತ್ತ ಹೇಳುತ್ತ ಎದುರಿಗೆ ನೋಡಿದರೆ ಪೆನ್ಸಿಲ್ ನನ್ನನ್ನೇ ನೋಡುತ್ತಿದ್ದವಳು ತಲೆ ತಗ್ಗಿಸಿದಳು. ಹೇಳೋದು ಶಾಸ್ತ್ರ, ತಿನ್ನೋದು ಬದನೇಕಾಯಿ. ಫೋನ್ ಇಟ್ಟು ಅವಳ ಮೇಜಿನ ಬಳಿ ಹೋದೆ.

ನಮ್ಮ ಮೇಲಧಿಕಾರಿ ಮೇಟ್ರನ್‌ಗೆ ಎಲ್ಲ ಬರೆದುಕೊಡ್ತೀನಿ ಎಂದೆ. ಪೆನ್ಸಿಲ್ ಎದ್ದು ಬಾಗಿಲು ಹಾಕಿದಳು.

“ಸಹಿ ನಂದು,” ಎಂದಳು. “ನಿನ್ನ ಮಾತು ನಂಬಿ ಹಾಕಿದ್ದು. ನಿನಗೆ ಈಗ ಪಾಪಭೀತಿ ಬಂತು ಅಂತ ನಾನು ಯಾಕೆ ಬೀದಿಗೆ ಬೀಳ್ಬೇಕು?”

ಅವಳ ಮಾತು ನ್ಯಾಯವಾಗಿತ್ತು. ತಪ್ಪೆಲ್ಲ ನನ್ನದೆಂದೇ ಬರೆಯುತ್ತೇನೆ ಎಂದೆ. ನೀನು ಏನು ಬರೆದರೂ ಸಹಿ ಅಳಿಸಿ ಹೋಗುವುದಿಲ್ಲ ಎಂದಳು. ಆರು ತಿಂಗಳು, ಬರೀ ಆರೇ ತಿಂಗಳು ಬಾಯಿ ಮುಚ್ಚಿಕೊಂಡಿರು ಎಂದು ಕೇಳಿಕೊಂಡಳು. ಅವಳಿಗೆ ಆ ವರ್ಷ ಬಡ್ತಿ ಬರುವುದಿತ್ತು, ಇಬ್ಬರು ಮಕ್ಕಳು ಶಾಲೆಯಲ್ಲಿದ್ದರು. ನನಗೆ ಅದೆಲ್ಲ ಗೊತ್ತಿತ್ತು. ಗೊತ್ತಿದ್ದೂ ಬರೆದೆ.

ಮೇಟ್ರನ್ ಕಾಗದವನ್ನು ಎರಡು ಸಲ ಓದಿದರು.

“ನಿಮ್ಮ ಅತ್ತಿಗೆಗೆ ಕಿವಿ ಕೇಳಿಸುತ್ತಾ?”

“ಕೇಳಿಸುತ್ತೆ ಮೇಡಂ.”

“ಮಾತು ಬರುತ್ತಾ?”

“ಬರುತ್ತೆ.”

“ಹಾಗಾದ್ರೆ ಅವರ ಪರವಾಗಿ ನೀವು ಯಾಕೆ ಮಾತಾಡಿದ್ರಿ?”

ಸರಿ, ಇವತ್ತು ಸಂಜೆ ನಾನೇ ಅವರಿಗೆ ಫೋನ್ ಮಾಡುತ್ತೇನೆ, ನೀವು ನಡುವೆ ಬರಬೇಡಿ ಎಂದು ನನ್ನನ್ನು ಕಳಿಸಿದರು.

ಆ ದಿನ ನಾನು ಬೇಗ ಮನೆಗೆ ಬಂದಿದ್ದೆ, ಸಂಜೆ ಆರಕ್ಕೆ ಫೋನ್ ಬಂತು. ಎತ್ತಿದ ಅತ್ತಿಗೆ ಮೊದಲು ನನ್ನ ಕಡೆ ಚಾಚಿದಳು, ನಿಮಗಿರಬೇಕು ಎಂದು. ನಿನಗೇ ಅತ್ತಿಗೆ ಎಂದೆ. ಅವಳು ಕೇಳಿಸಿಕೊಳ್ಳುತ್ತ ನಿಂತಳು, ಆಮೇಲೆ ಹಿಂಬಾಗಿಲು ತೆಗೆದು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ಅಡುಗೆಮನೆಯ ಕಿಟಕಿಯಿಂದ ಅವಳ ಬೆನ್ನು ಕಾಣುತ್ತಿತ್ತು. ಮೊದಲು ನೆಟ್ಟಗಿದ್ದ ಬೆನ್ನು ಸ್ವಲ್ಪ ಹೊತ್ತಿಗೆ ಬಾಗಿತು, ಒಂದು ಕೈ ಗಾಳಿಯಲ್ಲಿ ಏನೇನೋ ತೋರಿಸತೊಡಗಿತು, ಆಮೇಲೆ ಆ ಕೈ ಮುಖಕ್ಕೆ ಹೋಯಿತು. ಅಣ್ಣ ಒಳಗಿನಿಂದ ಎರಡು ಸಲ ಕೂಗಿದ. ನಾನು ಹೋದರೆ, ನೀನಲ್ಲ, ಅವಳು ಎಂದ.

“ಅವಳು ಮಾತಾಡ್ತಿದಾಳೆ,” ಎಂದೆ.

“ಯಾರ ಹತ್ರ, ಇಷ್ಟೊತ್ತು?”

“ಕೇಳಿಸ್ಕೊಳ್ಳೋರ ಹತ್ರ.”

ನಲವತ್ತು ನಿಮಿಷ. ನಾನು ಒಲೆಯ ಮೇಲಿಟ್ಟ ಹಾಲು ಉಕ್ಕಿ ಹರಿದು ಹೋಗಿತ್ತು, ನನಗೆ ಗೊತ್ತೇ ಆಗಲಿಲ್ಲ. ಅತ್ತಿಗೆ ಒಳಗೆ ಬಂದು ಮುಖ ತೊಳೆದುಕೊಂಡು, ಒಲೆ ಒರೆಸಿ, ಅಣ್ಣನ ಕೋಣೆಗೆ ಹೋದಳು.

ಅಂಕ ಇಪ್ಪತ್ತೊಂದು ಬಂದಿತ್ತು. ಮೇಟ್ರನ್ ವಿಶೇಷ ಪ್ರಕರಣವೆಂದು ಬರೆದು ಪೂರ್ತಿ ಬದಲಿ ಮಂಜೂರು ಮಾಡಿಸಿದರು. ನಾನು ಇನ್ನೂ ರದ್ದು ಮಾಡಿಸಿರದ ಮೊದಲಿನ ತಾರೀಖಿಗೇ ಆಪರೇಷನ್ ಎಂದಾಯಿತು. ನನ್ನನ್ನು ಆ ಕೋಣೆಯಿಂದ ತೆಗೆದು ಗಂಡಸರ ವಾರ್ಡಿಗೆ, ಬೆಳಿಗ್ಗೆ ಆರರಿಂದ ಎರಡರ ಪಾಳಿಗೆ ಹಾಕಿದರು. ಇನ್ನು ಮುಂದೆ ನಾನು ಯಾವ ಮನೆಗೂ ಫೋನ್ ಮಾಡುವಂತಿಲ್ಲ. ಪೆನ್ಸಿಲ್‌ಗೆ ಲಿಖಿತ ಎಚ್ಚರಿಕೆ ಕೊಟ್ಟು ಊರಾಚೆಯ ಶಾಖೆಗೆ ಕಳಿಸಿದರು, ಬಡ್ತಿ ನಿಂತುಹೋಯಿತು. ಅವಳು ತನ್ನ ಲೋಟ, ಹೆಗಲಿಗೆ ಹಾಕುವ ಶಾಲು, ಮಕ್ಕಳ ಫೋಟೋ ಎತ್ತಿಕೊಂಡು ಹೋದಳು. ನಾನು ಕ್ಷಮೆ ಕೇಳಿ ಬರೆದ ಕಾಗದಕ್ಕೆ ಇಂದಿಗೂ ಉತ್ತರವಿಲ್ಲ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ನಾನು ಮಾಡಿದ್ದನ್ನು ಅವಳೂ ಉಂಡಳಲ್ಲ, ಅದಕ್ಕೇನು ಹೇಳುವುದು?

ಆಪರೇಷನ್ ಚೆನ್ನಾಗಿಯೇ ಆಯಿತು. ಮನೆಗೆ ಬಂದರೆ ಸುಮ್ಮನೆ ಕೂರುವವಳಲ್ಲ ಎಂದು ಅತ್ತಿಗೆಯನ್ನು ಪಕ್ಕದ ಊರಿನಲ್ಲಿದ್ದ ಅವಳ ಅಕ್ಕನ ಮನೆಗೆ ಕಳಿಸಿದೆವು. ಬದಲಿಯಾಗಿ ಬಂದವರು ಐವತ್ತೈದರ ಗಂಡಸು, ಹಿಂದೆ ಆಂಬುಲೆನ್ಸ್ ಓಡಿಸುತ್ತಿದ್ದವರು. ಮೊದಲ ಎರಡು ದಿನ ಅಣ್ಣ ಅವರಿಗೆ ಮುಖವನ್ನೇ ತೋರಿಸಲಿಲ್ಲ. ಮೂರನೆಯ ದಿನ ಲಾರಿ ತಿರುವಿನಲ್ಲಿ ಮಗುಚುವುದು ಚಾಲಕನ ತಪ್ಪೋ ರಸ್ತೆಯ ತಪ್ಪೋ ಎಂದು ಇಬ್ಬರಿಗೂ ಜೋರು ಜಗಳ ಹತ್ತಿತು. ಆಮೇಲೆ ಜಗಳಕ್ಕಾದರೂ ಅವರು ಬೇಕಾದರು. ಹೊರಗಿನವನು ಮುಟ್ಟಬಾರದು ಎಂಬ ಮಾತು ಮತ್ತೆ ಬರಲಿಲ್ಲ. ಆರು ವರ್ಷ ಆ ಒಂದು ಮಾತಿಗೆ ಹೆದರಿ ಅತ್ತಿಗೆ ಎತ್ತಿದ್ದಳು, ನಾನು ಅದನ್ನೇ ನೆಪ ಮಾಡಿಕೊಂಡಿದ್ದೆ. ಮುರಿಯಲು ಮೂರು ದಿನ ಸಾಕಾಗಿತ್ತು ಎಂದು ಗೊತ್ತಾದಾಗ ನನ್ನ ಮುಖವನ್ನು ನನಗೇ ನೋಡಿಕೊಳ್ಳಲಾಗಲಿಲ್ಲ.

ಮೂರು ತಿಂಗಳು ತುಂಬುವ ಭಾನುವಾರ ಅತ್ತಿಗೆಯನ್ನು ಕರೆತರಲು ನಾನೇ ಹೋದೆ. ಅಕ್ಕನ ಮನೆಯ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಬಟಾಣಿ ಬಿಡಿಸುತ್ತಿದ್ದಳು. ಕೆನ್ನೆ ತುಂಬಿತ್ತು. ಅಕ್ಕ ಏನೋ ಹೇಳಿದ್ದಕ್ಕೆ ಬಾಯಿ ತೆರೆದು ನಗುತ್ತಿದ್ದಳು. ಅವಳು ಹಾಗೆ ನಗುವುದನ್ನು ನಾನು ಅವಳ ಮದುವೆಯಾದ ಹೊಸತರಲ್ಲಿ ನೋಡಿದ್ದೆ. ನನ್ನನ್ನು ಕಂಡು ಎದ್ದು ನಿಂತಳು. ಬಾಗಿಲ ಬಳಿ ಚೀಲ ಆಗಲೇ ತಯಾರಿತ್ತು. ಡಾಕ್ಟರು ಕೊಟ್ಟ ಚೀಟಿ ತೋರಿಸಿದಳು: ಗುಣವಾಗಿದೆ, ಮನೆಯ ಹಗುರ ಕೆಲಸ ಮಾಡಬಹುದು.

ಅಕ್ಕ ಚಹಾಕ್ಕೆಂದು ಒಳಗೆ ಹೋದಾಗ ನಾನು ಹೇಳಬೇಕಾದದ್ದನ್ನು ಹೇಳಿದೆ. ಎರಡು ವರ್ಷ ನಿನ್ನ ಹೆಸರಿನಲ್ಲಿ ನಾನು ಸುಳ್ಳು ಹೇಳಿದೆ ಎಂದೆ. ಒಂಬತ್ತು ದಿನದ ವಿಷಯವನ್ನೂ ಮುಚ್ಚಿಡಲಿಲ್ಲ. ಅವಳು ಬಟಾಣಿ ಬಿಡಿಸುವುದನ್ನು ನಿಲ್ಲಿಸದೆ ಎಲ್ಲ ಕೇಳಿಸಿಕೊಂಡಳು.

“ಗೊತ್ತು. ಮೇಟ್ರನ್ ಹೇಳಿದ್ರು,” ಎಂದಳು. ಇನ್ನೊಂದು ಕಾಯಿ ಬಿಡಿಸಿ, “ಭಾನುವಾರ ಕೆಲಸ ಮಿಕ್ಕಿದ್ರೆ ನೀವು ಮನೆಯಿಂದ್ಲೇ ಫೋನ್ ಮಾಡ್ತಿದ್ರಲ್ಲ,” ಎಂದಳು. “ನಾನು ಒಳಗೆ ಪಾತ್ರೆ ತೊಳೀತಾ ಇರ್ತಿದ್ದೆ. ನೀವು ಆ ಮನೆಯೋರನ್ನ ಒಂದೊಂದೇ ಪ್ರಶ್ನೆ ಕೇಳೋವಾಗ ನಾನೂ ಉತ್ತರ ಹೇಳ್ಕೋತಿದ್ದೆ. ಎಷ್ಟು ಚೆನ್ನಾಗಿ ಕೇಳ್ತಿದ್ರಿ ನೀವು. ಒಂದಿನ ಜೋರಾಗೇ ಹೇಳಿದೆ. ನಲ್ಲಿ ಸದ್ದಲ್ಲಿ ನಿಮಗೆ ಕೇಳಿಸ್ಲಿಲ್ಲ.”

ನಾನು ಅತ್ತುಬಿಟ್ಟೆ. ಅವಳು ಅಳಲಿಲ್ಲ, ನನ್ನನ್ನು ಸಮಾಧಾನ ಮಾಡಲೂ ಇಲ್ಲ.

“ಈಗ ಹೇಳು ಅತ್ತಿಗೆ. ನಾನು ಕೇಳ್ತೀನಿ.”

“ಈಗ ಯಾಕೆ,” ಎಂದಳು. “ಹೇಳ್ಬೇಕಾದೋರಿಗೆ ಹೇಳಿ ಆಯ್ತು.”

ಬಟಾಣಿಯ ತಟ್ಟೆ ಪಕ್ಕಕ್ಕಿಟ್ಟು, ಸೆರಗು ಕೊಡವಿ, ಚೀಲದ ಹಿಡಿಗೆ ಕೈ ಹಾಕಿದಳು. ಹೊರಡೋಣ್ವಾ, ನಾಲ್ಕರ ಬಸ್ಸು ಸಿಗುತ್ತೆ ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ, ಸಂತೋಷವೂ ಇರಲಿಲ್ಲ. ಬಿಡುವು ಮುಗಿದು ಕೆಲಸಕ್ಕೆ ಹೊರಟವರ ದನಿ.

ಆ ಚೀಟಿ ಇನ್ನೂ ನನ್ನ ಕೈಯಲ್ಲಿತ್ತು. ಗುಣವಾಗಿದೆ ಎಂಬುದು ನಿಜ. ಬದಲಿಯವರು ಬರುವ ಶುಕ್ರವಾರ ಹೊರಟುಹೋಗುತ್ತಾರೆ. ಆಮೇಲೆ ದಿನಕ್ಕೆ ನಾಲ್ಕು ಗಂಟೆ ಮಾತ್ರ ಆಳು. ಉಳಿದ ಇಪ್ಪತ್ತು ಗಂಟೆ ಎತ್ತುವವರು ಯಾರು? ಅಣ್ಣ ಕೂಗುತ್ತಾನೆ, ಅಮ್ಮ ಸೊಸೆಯ ಕಡೆ ನೋಡುತ್ತಾಳೆ, ನಾನು ಪಾಳಿ ಮುಗಿಸಿ ಸುಸ್ತಾಗಿದೆ ಎನ್ನುತ್ತೇನೆ. ಇವಳು ಎದ್ದು ಹೋಗಿ ಎತ್ತುತ್ತಾಳೆ. ಎಲ್ಲ ಮತ್ತೆ ಮೊದಲಿನಂತಾಗಲು ಒಂದು ತಿಂಗಳೂ ಬೇಕಾಗಿರಲಿಲ್ಲ.

“ಬರ್ಬೇಡ,” ಎಂದೆ.

“ಏನಂದ್ರಿ?”

“ಈಗಲೇ ಬರ್ಬೇಡ ಅತ್ತಿಗೆ. ಬಂದ್ರೆ ನೀನು ಎತ್ತುತೀಯ, ಬೇಡ ಅಂದ್ರೂ ಎತ್ತುತೀಯ. ನಾವು ನೋಡ್ತಾ ಕೂತಿರ್ತೀವಿ. ನಮ್ಮನೆ ನನಗೆ ಗೊತ್ತು.”

“ಮತ್ತೆ ಅವ್ರನ್ನ?”

“ಬೆಳಿಗ್ಗೆ ಆಳು ಬರೋವರೆಗೆ ನಿನ್ನ ಮಗಳು ಇರ್ತಾಳೆ. ಎರಡು ಗಂಟೆ ಮೇಲೆ ನಾನು. ಆಮೇಲೂ ನಾನೇ.”

“ನಿಮ್ಮ ಕೈಲಿ ಆಗಲ್ಲ,” ಎಂದಳು. ಆಡಿಕೊಳ್ಳಲು ಹೇಳಿದ್ದಲ್ಲ, ಕೆಲಸ ಬಲ್ಲವಳ ಮಾತು.

“ಆಗದೆ ಹೋದ್ರೆ ನಾನೇ ಹೇಳ್ತೀನಿ, ಆಗ್ತಿಲ್ಲ ಅಂತ. ಆಸ್ಪತ್ರೆಗೂ ಹೇಳ್ತೀನಿ, ಅಣ್ಣಂಗೂ ಹೇಳ್ತೀನಿ.”

ಅವಳು ನನ್ನ ಮುಖವನ್ನು ತುಂಬ ಹೊತ್ತು ನೋಡಿದಳು. ನಾನು ನಿಜ ಹೇಳುತ್ತಿದ್ದೇನೋ ಇಲ್ಲವೋ ಎಂದು ಅಳೆಯುತ್ತಿದ್ದಳು, ಅಳೆಯಲಿ. ಆಮೇಲೆ ಕುರ್ಚಿಯಲ್ಲಿ ಕೂತಳು. ಚೀಲದ ಹಿಡಿ ಬಿಡಲಿಲ್ಲ, ಆದರೆ ಕೂತಳು. ಎರಡು ಟಿಕೀಟು ತೆಗೆದಿದ್ದವಳು ನಾಲ್ಕರ ಬಸ್ಸಿನಲ್ಲಿ ಒಬ್ಬಳೇ ಬಂದೆ.

ಅಣ್ಣ ಕ್ಷೌರ ಮಾಡಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗಾಲಿಕುರ್ಚಿಯನ್ನು ಬಾಗಿಲ ತನಕ ತಳ್ಳಿಸಿಕೊಂಡು ಕೂತಿದ್ದ. ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿದ.

“ಎಲ್ಲಿ ಅವಳು? ಹುಷಾರಿಲ್ವಾ?”

“ಹುಷಾರಾಗಿದಾಳೆ. ಹುಷಾರಾಗೇ ಇರ್ಲಿ ಅಂತ ನಾನೇ ಬರ್ಬೇಡ ಅಂದೆ.”

ಅವನು ಕೂಗಾಡುತ್ತಾನೆ ಎಂದುಕೊಂಡಿದ್ದೆ. ಕೂಗಾಡಲಿಲ್ಲ. ಅಂಗಿಯ ಗುಂಡಿಯೊಂದನ್ನು ಬಿಚ್ಚಿದ, ಮತ್ತೆ ಹಾಕಿದ. ಅಮ್ಮ ಒಳಗಿನಿಂದ ಬಂದವಳು ಅವನ ಮುಖ ನೋಡಿ ಹಾಗೇ ಹಿಂದಕ್ಕೆ ಹೋದಳು.

“ಅವಳಿಗೆ ಬರೋ ಮನಸ್ಸಿತ್ತಾ?” ಎಂದು ಕೇಳಿದ.

ಇತ್ತು ಎಂದರೆ ಅವನಿಗೆ ಸಮಾಧಾನ. ಇರಲಿಲ್ಲ ಎಂದರೆ ನನಗೆ ಸಮಾಧಾನ. ಎರಡೂ ನಾಲಿಗೆಯ ತುದಿಯಲ್ಲೇ ಇದ್ದವು.

“ಅದನ್ನ ನಾನು ಹೇಳಲ್ಲ ಅಣ್ಣ. ಅವಳನ್ನೇ ಕೇಳು,” ಎಂದು ಫೋನನ್ನು ಅವನ ಕೈಗಿಟ್ಟೆ.

ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಎಷ್ಟೋ ಹೊತ್ತು ಕೂತಿದ್ದ. ಸೈನ್ಯದಲ್ಲಿ ಏನೆಲ್ಲ ಮಾಡಿ ಬಂದವನಿಗೆ ಹೆಂಡತಿಗೊಂದು ಫೋನ್ ಮಾಡಲು ಕೈ ಬರುತ್ತಿರಲಿಲ್ಲ. ಕೊನೆಗೆ ಮಾಡಿದ. ನಾನು ಎಂದ. ಊಟ ಆಯ್ತಾ ಎಂದ. ಅವಳು ಏನೋ ಹೇಳಿದಳು. ನೀನು ಹೇಗಿದೀಯ ಎಂದ, ಇನ್ನು ಎತ್ತಬೇಡ ಎಂದ, ಆಮೇಲೆ ಮಾತು ನಿಲ್ಲಿಸಿ ಕೇಳುತ್ತ ಕೂತ. ಅತ್ತಿಗೆ ಏನು ಹೇಳುತ್ತಿದ್ದಳೋ ನನಗೆ ತಿಳಿಯದು. ಮಾತಿನ ನಡುವೆ ಬಾಯಿ ಹಾಕದೆ ಅವನಿಗೆ ಇರಲಾಗದು ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅಂಥವನು ಒಂದು ಸಲವೂ ಬಾಯಿ ಹಾಕಲಿಲ್ಲ. ಅವನ ಕಣ್ಣಿಂದ ನೀರು ಇಳಿದು ಇಸ್ತ್ರಿಯ ಅಂಗಿಯ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

“ಆರು ವರ್ಷ ನಾನೂ ಒಂದು ಮಾತು ಕೇಳ್ಲಿಲ್ಲ ನೋಡು,” ಎಂದ ಅವಳಿಗೆ.

ನಾನು ಬಾಗಿಲು ಎಳೆದುಕೊಂಡು ಅಡುಗೆಮನೆಗೆ ಹೋದೆ. ಅರ್ಧ ಗಂಟೆಯಲ್ಲಿ ಅವನನ್ನು ಹಾಸಿಗೆಗೆ ಎತ್ತಿ ಮಗ್ಗುಲು ಹೊರಳಿಸಬೇಕಿತ್ತು. ಬದಲಿಯವರಿಗೆ ಇವತ್ತು ನೀವು ಕೂತಿರಿ, ಮಾಡಬೇಕಾದದ್ದನ್ನು ತೋರಿಸಿಕೊಡಿ, ನಾನು ಮಾಡುತ್ತೇನೆ ಎಂದೆ.